ೞಕಾರದ ನಾಮವಿಪರ್ಯಯ

ಮನುಷ್ಯನಿಗೂ ಗಣಕಯಂತ್ರಕ್ಕೂ ನಡೆಯುವ ವ್ಯವಹಾರವನ್ನು ಕುರಿತು ವಿಶ್ವವಿದ್ಯಾಲಯಗಳಲ್ಲಿ ಹಲವು ದಶಕಗಳಿಂದ ಸಂಶೋಧನೆ ನಡೆದುಬಂದಿದೆ. ಯಂತ್ರವನ್ನು ಬಳಸುವ ಜನಸಮುದಾಯದ ಮಾತು ಅದರ ಕಟ್ಟಳೆಗಳನ್ನು ರಚಿಸುವವರ ಕಿವಿಗೆ ಎಷ್ಟರಮಟ್ಟಿಗೆ ಬೀಳುತ್ತದೆಂಬುದು ಆ ಶಾಸ್ತ್ರದ ಮುಖ್ಯಪ್ರಶ್ನೆಗಳಲ್ಲೊಂದು. ನಮ್ಮ ಭಾಷೆಯ ಒಂದೇ ಅಕ್ಷರದ ಚರಿತ್ರೆಯು ಈ ಪ್ರಶ್ನೆಗೆ ತಕ್ಕ ನಿದರ್ಶನವಾಗಿರುವುದರಿಂದ ಅದನ್ನಿಲ್ಲಿ ವಿಚಾರಿಸಲಾಗಿದೆ.

ೞಕಾರವು ಹಳಗನ್ನಡದಲ್ಲಿ ಳಕಾರದಿಂದ ಬೇರೆಯಾದ ವರ್ಣವೆಂಬುದು ವಿದ್ವಾಂಸರಿಗೆ ತಿಳಿದ ವಿಷಯ. ಬಾಳ್ ಎಂದರೆ ಖಡ್ಗ. ಬಾೞ್ ಎಂದರೆ ಜೀವಿಸು. ಹಲ್ಮಿಡಿಯ ಶಾಸನದ 'ಬಾಳ್ಗೞ್ಚು' ಎಂಬ ಒಂದೇ ಪದದಲ್ಲಿ ಎರಡು ವರ್ಣಗಳೂ ತಮ್ಮ ತಮ್ಮ ಸ್ಥಾನದಲ್ಲಿ ನಿಂತಿವೆ. 13ನೆಯ ಶತಮಾನದ ಕೇಶಿರಾಜನು ರೞ, ಕುಳ, ಕ್ಷಳಗಳೆಂದು ಭೇದವನ್ನು ಹೇಳಿ, ರೞವುಳ್ಳ ಶಬ್ದಗಳನ್ನು ಬೇರೆಯಾಗಿ ಪಟ್ಟಿಮಾಡಿದ್ದಾನೆ. ಜನರ ನಾಲಗೆಯಲ್ಲಿ ಆಗಲೇ ಸಂಕರವಾಗಿದ್ದುದರಿಂದಲೇ ಈ ಪಟ್ಟಿ ಬೇಕಾಯಿತೆಂದು ಊಹಿಸಬಹುದು. 'ಬೀಳು' ಎಂಬ ಧಾತುವಿಗೆ 'ಬಿದ್ದು' ಎಂಬ ರೂಪ ಹೇಗೆ ಬಂತೆಂದು ವಿದ್ಯಾರ್ಥಿಯು ಕೇಳಿದರೆ, ಬೀೞ್, ಬಿೞ್ದು, ಬಿರ್ದು, ಬಿದ್ದು ಎಂಬ ಕ್ರಮವನ್ನು ತೋರಿಸದೆ ಬೇರೆ ಉತ್ತರವಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟ್ಟೆಲರ ನಿಘಂಟಿನಲ್ಲಿಯೂ ಈ ಅಕ್ಷರಕ್ಕೆ ಪ್ರತ್ಯೇಕವಾದ ಮೊಳೆಯಿತ್ತು.

ಹೀಗಿರಲು, ಜಗತ್ತಿನ ಲಿಪಿಗಳಿಗೆಲ್ಲ ಏಕರೂಪವಾದ ಸಂಖ್ಯಾಸಂಕೇತವನ್ನು ವಿಧಿಸುವ ಯೂನಿಕೋಡ್ ಎಂಬ ವ್ಯವಸ್ಥೆಯು 1991ರಲ್ಲಿ ಪ್ರಕಟವಾಯಿತು. ಅದರ ಆರಂಭದ ಆವೃತ್ತಿಗಳಲ್ಲಿಯೇ ೞಕಾರಕ್ಕೂ ಸ್ಥಾನ ದೊರೆಯಿತು. ಅಕ್ಷರದ ಆಕೃತಿ ಸರಿಯಾಗಿದೆ. ಆದರೆ ಅದಕ್ಕೆ ಕೊಟ್ಟ ಅಧಿಕೃತನಾಮವು 'ಕನ್ನಡ ಲೆಟರ್ ಫ' ಎಂದು! ಮೂರ್ಧನ್ಯವಾದ ವರ್ಣಕ್ಕೆ ದಂತ್ಯೋಷ್ಠ್ಯದ ಹೆಸರು. ಶಿಕ್ಷಾಶಾಸ್ತ್ರವನ್ನು ಪಠಿಸಿದವನಿಗೆ ಇದನ್ನು ಕಂಡು ನಗು ಬರುವುದೋ ಸಂಕಟವಾಗುವುದೋ ಹೇಳುವುದು ಕಷ್ಟ.

ಈ ಪ್ರಮಾದಕ್ಕೆ ಕಾರಣವನ್ನು ಸ್ಥಾನಗಳ ತುಲನೆಯಿಂದ ಊಹಿಸಬಹುದಾಗಿದೆ. ಭಾರತೀಯ ಲಿಪಿಗಳಿಗೆ ತಲಾ 128 ಮನೆಗಳನ್ನು ಕೊಟ್ಟು, ನಮ್ಮ ದೇಶದ 'ಇಸ್ಕಿ' ಎಂಬ ಸಂಕೇತಕ್ರಮವನ್ನು ಅನುಸರಿಸಿ, ಸಮಾನವರ್ಣಗಳನ್ನು ಆದಷ್ಟು ಸಮಾನಸ್ಥಾನದಲ್ಲಿ ಇರಿಸಿದ್ದಾರೆ. ಸೊನ್ನೆಯಿಂದ ಎಣಿಸಿದರೆ ಳಕಾರದ್ದು 51ನೆಯ ಮನೆ. ತಮಿಳು ಮಲಯಾಳಗಳ ೞಕಾರವು 52ರಲ್ಲಿದೆ. ದೇವನಾಗರಿಯಲ್ಲಿಯೂ ಆ ವರ್ಣಕ್ಕೆ ಅದೇ ಸ್ಥಾನ. ಕನ್ನಡದ ೞಕಾರವಾದರೋ 94ನೆಯ ಮನೆಯಲ್ಲಿದೆ. ದೇವನಾಗರಿಯಲ್ಲಿಯೂ ಗುರುಮುಖಿಯಲ್ಲಿಯೂ ಆ ಮನೆ ಚುಕ್ಕೆಯಿಟ್ಟ ಫಕಾರದ್ದು. ಆದುದರಿಂದ ಅಕ್ಷರದ ಗುರುತು ತಿಳಿಯದವರು ನೆರೆಯ ಲಿಪಿಗಳ ಸಾಲನ್ನು ನೋಡಿ ಹೆಸರಿಟ್ಟರೆಂದು ನನಗೆ ತೋರುತ್ತದೆ. ಕನ್ನಡದಲ್ಲಿ ಪರಭಾಷೆಯ ಆ ಧ್ವನಿಗೆ ಬೇರೆ ಅಕ್ಷರವೇ ಇಲ್ಲ. ಫಕಾರಕ್ಕೆ ಚುಕ್ಕೆಯಿಟ್ಟು ಬರೆಯುವುದೇ ರೂಢಿ. ಆ ಚುಕ್ಕೆಗೆ ಯೂನಿಕೋಡಿನಲ್ಲಿ ಸ್ಥಾನ ದೊರೆತದ್ದು 2003ರಲ್ಲಿ.

ಹೆಸರು ತಪ್ಪಿದರೇನು, ಆಕೃತಿ ಸರಿಯಾಗಿದೆಯಲ್ಲವೆ ಎಂದು ಕೆಲವರು ಕೇಳಬಹುದು. ಇದು ಅರ್ಧಸತ್ಯ. ಕೀಲಿಮಣೆಯಲ್ಲಿ ಕಾಣದ ಅಕ್ಷರವನ್ನು ಹೆಸರಿನಿಂದ ಹುಡುಕುವವನಿಗೆ ಹೆಸರೇ ಬಾಗಿಲು; ಹಳಗನ್ನಡದ ಪಾಠವನ್ನು ಯಂತ್ರಕ್ಕೆ ಏರಿಸುವವನು ಆ ಬಾಗಿಲಲ್ಲಿ ಫಕಾರವನ್ನು ಕಂಡು ಹಿಂದಿರುಗಿ, ೞಕಾರಕ್ಕೆ ಬದಲಾಗಿ ಳಕಾರವನ್ನೇ ಒತ್ತಿಬಿಟ್ಟರೆ ಪಾಠವೇ ಕೆಟ್ಟಿತು. ಸ್ಥಾನದೋಷವು ಇದಕ್ಕಿಂತ ಹಿರಿದು. ವಿಶೇಷವಾದ ಅನುಕ್ರಮಪಟ್ಟಿಯಿಲ್ಲದೆ ಬರಿಯ ಸಂಖ್ಯೆಯಿಂದ ಪದಗಳನ್ನು ಅಣಿಗೊಳಿಸಿದರೆ, ೞಕಾರವು ಹಕಾರವನ್ನೂ ಸ್ವರಚಿಹ್ನೆಗಳನ್ನೂ ದಾಟಿ ಕೊನೆಗೆ ಹೋಗಿ ಬೀಳುತ್ತದೆ. ಪದಸೂಚಿಯನ್ನು ಸಿದ್ಧಪಡಿಸುವವರು ಇದನ್ನು ಮರೆಯತಕ್ಕದ್ದಲ್ಲ.

ತಪ್ಪನ್ನು ಕಂಡಮೇಲೂ ಹೆಸರನ್ನು ತಿದ್ದಲಿಲ್ಲ. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಲಾಗದೆಂಬುದು ಆ ವ್ಯವಸ್ಥೆಯ ನಿಯಮ. ಹೆಸರನ್ನು ನಂಬಿ ರಚಿತವಾದ ಯಂತ್ರಕ್ರಮಗಳು ಕೆಡಬಾರದೆಂಬುದೇ ಅದರ ಉದ್ದೇಶ. ಈ ನಿಯಮವನ್ನು ನಾನು ಅಲ್ಲಗಳೆಯಲಾರೆ. ಸೂತ್ರವನ್ನು ತಿದ್ದದೆ ವಾರ್ತಿಕದಿಂದ ಪೂರಣಮಾಡುವ ಪದ್ಧತಿ ನಮ್ಮ ವ್ಯಾಕರಣದಲ್ಲಿಯೂ ಉಂಟಷ್ಟೆ. ಅದರಂತೆಯೇ 2006ರ 5.0 ಆವೃತ್ತಿಯಲ್ಲಿ ಇಂತಹ ತಪ್ಪುಗಳಿಗಾಗಿ ಉಪನಾಮಗಳ ಪಟ್ಟಿಯೊಂದನ್ನು ಪ್ರಕಟಿಸಿ, ಅದರಲ್ಲಿ ಇದಕ್ಕೆ ಸರಿಯಾದ ಹೆಸರನ್ನು ಕೊಟ್ಟರು. ಅಕ್ಷರಪಟದಲ್ಲಿಯೂ ಮೂಲದ ಹೆಸರು ತಪ್ಪೆಂದು ಟಿಪ್ಪಣಿಯಿದೆ.

ತೆಲುಗಿನ ೞಕಾರವನ್ನು 2014ರಲ್ಲಿ 7.0 ಆವೃತ್ತಿಯಲ್ಲಿ ಸೇರಿಸಿದಾಗ, ಅದನ್ನು ಕ್ರಮಪ್ರಾಪ್ತವಾದ 52ನೆಯ ಮನೆಯಲ್ಲಿಯೇ ಇರಿಸಿದರು. ಕನ್ನಡದ ಸಾಲಿನಲ್ಲಿ ಳಕಾರಕ್ಕೂ ವಕಾರಕ್ಕೂ ನಡುವಣ ಆ ಮನೆ ಇಂದಿಗೂ ಬರಿದಾಗಿದೆ.