ಕೋಡಿಗೆ ಈ ನೆನಪು ಎಲ್ಲಿಂದ ಬಂತು?

ಸಾಫ್ಟ್‌ವೇರ್ ಇತಿಹಾಸ | ಭಾಗ 4

ಅರ್ಧ ಸಿನಿಮಾ ನೋಡಿ ಟಿವಿ ಆಫ್ ಮಾಡ್ತೀರಿ. ಮರುದಿನ ಕೋಡಿ (ಕೆರೆ ಕೋಡಿ ಅಲ್ಲಪ್ಪ, ಸಿನಿಮಾ ಹಾಕೋ ಸಾಫ್ಟ್‌ವೇರ್!) ತೆರೆದರೆ, ಬಿಟ್ಟ ಜಾಗದಿಂದಲೇ ಶುರು ಮಾಡಲಾ ಅಂತ ಕೇಳುತ್ತೆ. ಅದಕ್ಕೆ ಹೇಗೆ ಗೊತ್ತು? ಈ ಕಥೆ ಶುರುವಾಗೋದು ಒಂದು ಯುದ್ಧನೌಕೆಯಲ್ಲಿ.

ಅಮೆರಿಕದ ರಿಚರ್ಡ್ ಹಿಪ್ ಎಂಬ ಪ್ರೋಗ್ರಾಮರ್, ಹಡಗಿಗೆ ಹಾನಿಯಾದಾಗ ನೆರವಾಗುವ ಸಾಫ್ಟ್‌ವೇರ್ ಬರೀತಿದ್ರು. ಅದಕ್ಕೆ ಬೇಕಾದ ಮಾಹಿತಿ ಒಂದು ಡೇಟಾಬೇಸ್ ಸರ್ವರ್‌ನಲ್ಲಿತ್ತು. ಸರ್ವರ್ ನಿಂತರೆ ಇವರ ಪ್ರೋಗ್ರಾಮೂ ನಿಂತಂತೆ. ಸರ್ವರೇ ಬೇಡ, ನೇರವಾಗಿ ಒಂದು ಫೈಲಿನಿಂದ ಓದಿದರೆ ಸಾಲದೇ? ಈ ಯೋಚನೆಯಿಂದ 2000ದಲ್ಲಿ ಹುಟ್ಟಿದ್ದೇ ಎಸ್‌ಕ್ಯೂಲೈಟ್. ಇಡೀ ಡೇಟಾಬೇಸ್ ಒಂದೇ ಫೈಲ್!

2001ರಲ್ಲಿ ಎಕ್ಸ್‌ಬಾಕ್ಸ್ ಬಂತು. ಆಟ ಆಡೋ ಪೆಟ್ಟಿಗೆ, ಮೆಮೊರಿ ಬರೀ 64 ಎಂಬಿ. ಹವ್ಯಾಸಿ ಪ್ರೋಗ್ರಾಮರ್‌ಗಳು ಅದರ ಬೀಗ ಮುರಿದು, ಸಿನಿಮಾ, ಹಾಡು ಹಾಕೋಕೆ ಎಕ್ಸ್‌ಬಿಎಂಸಿ ಬರೆದರು. 1.0 ಆವೃತ್ತಿ ಬಂದಿದ್ದು 2004ರಲ್ಲಿ. ಅದೇ 2014ರಲ್ಲಿ ಕೋಡಿ ಅಂತ ಹೆಸರು ಬದಲಿಸಿಕೊಂಡಿತು. ಅಷ್ಟು ಚಿಕ್ಕ ಪೆಟ್ಟಿಗೆಯಲ್ಲಿ ದೊಡ್ಡ ಸರ್ವರ್‌ಗೆ ಜಾಗ ಎಲ್ಲಿ? ಎಸ್‌ಕ್ಯೂಲೈಟ್ ಹೇಳಿ ಮಾಡಿಸಿದ ಹಾಗಿತ್ತು.

ಇವತ್ತಿಗೂ ಕೋಡಿಯಲ್ಲಿ ವಿಡಿಯೋಗಳಿಗೆ ಒಂದು ಡೇಟಾಬೇಸ್ ಫೈಲ್, ಸಂಗೀತಕ್ಕೆ ಇನ್ನೊಂದು. ವಿಡಿಯೋ ಫೈಲಿನ ಹೆಸರು ಮೈವಿಡಿಯೋಸ್, ಪಕ್ಕದಲ್ಲೊಂದು ನಂಬರ್. ಕೋಡಿ 17ರಲ್ಲಿ 107, ಕೋಡಿ 18ರಲ್ಲಿ 116. ಒಳಗಿನ ಕೋಷ್ಟಕಗಳ ರಚನೆ ಬದಲಾದಾಗ ನಂಬರ್ ಏರುತ್ತೆ.

ಗಮನಿಸಿ, ಅದರೊಳಗೆ ಸಿನಿಮಾ ಇರಲ್ಲ. ಕಾಲೇಜು ಲೈಬ್ರರಿಯ ಕ್ಯಾಟಲಾಗ್ ಕಾರ್ಡ್ ಥರ, ಸಿನಿಮಾ ಇರೋ ಫೋಲ್ಡರಿನ ವಿಳಾಸ, ಕಥೆ, ನಟರು ಇರ್ತಾರೆ. ಜೊತೆಗೆ ನೀವು ಎಷ್ಟು ಸಲ ನೋಡಿದ್ರಿ, ಎಷ್ಟನೇ ಸೆಕೆಂಡಿಗೆ ಬಿಟ್ರಿ ಅನ್ನೋ ಲೆಕ್ಕ.

ಅದಕ್ಕೇ ಸಿನಿಮಾವನ್ನ ಬೇರೆ ಫೋಲ್ಡರಿಗೆ ಹಾಕಿದರೆ ಕೋಡಿ ಪಾಲಿಗೆ ಅದು ಹೊಸ ಸಿನಿಮಾ. ಹಳೇ ವಿಳಾಸಕ್ಕೆ ಅಂಟಿದ್ದ ಲೆಕ್ಕ ಅಲ್ಲೇ ಉಳಿಯುತ್ತೆ. ಡೇಟಾಬೇಸ್ ಫೈಲೇ ಹಾಳಾದರೆ? ಸಿನಿಮಾಗಳು ಹಾರ್ಡ್‌ಡಿಸ್ಕಿನಲ್ಲಿ ಭದ್ರ. ಪೋಸ್ಟರ್, ಕಥೆ ಇಂಟರ್ನೆಟ್ಟಿಂದ ಮತ್ತೆ ಬರುತ್ತೆ. ಆದರೆ ಅಪ್ಪನ ಜೊತೆ ಯಾವ ಸಿನಿಮಾ ಎಷ್ಟು ಸಲ ನೋಡಿದ್ರಿ ಅನ್ನೋದು ಯಾವ ವೆಬ್‌ಸೈಟಿಗೂ ಗೊತ್ತಿಲ್ಲ. ಅದು ಇದ್ದಿದ್ದು ನಿಮ್ಮನೆಯ ಆ ಒಂದೇ ಫೈಲಿನಲ್ಲಿ.

ಹಾಗಾಗಿ ಕೋಡಿ ಮುಚ್ಚಿ, ಯೂಸರ್‌ಡೇಟಾ ಒಳಗಿನ ಡೇಟಾಬೇಸ್ ಫೋಲ್ಡರನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿಟ್ಕೊಳ್ಳಿ. ಎರಡೇ ನಿಮಿಷದ ಕೆಲಸ.

ಮುಂದಿನ ಭಾಗ: ಹಾಲ್ ಟಿವಿಯಲ್ಲಿ ಬಿಟ್ಟ ಸಿನಿಮಾ ರೂಮಿನ ಟಿವಿಯಲ್ಲಿ ಮುಂದುವರಿಯೋದು ಹೇಗೆ? ಗೊತ್ತಿದ್ದವರು ಕಾಮೆಂಟಲ್ಲಿ ಹೇಳಿ 👇

#ಸಾಫ್ಟ್‌ವೇರ್_ಇತಿಹಾಸ #ಕನ್ನಡದಲ್ಲಿ_ಟೆಕ್