ಅಗ್ಗದ ಮದ್ದಿನ ದಾರಿ: ವಿಶ್ವ ಆರೋಗ್ಯದಲ್ಲಿ ಭಾರತದ ಪಾಲು

ಕ್ಷಯ ತಗುಲಿದವರನ್ನು ಸ್ಯಾನಟೋರಿಯಂಗೆ ಸೇರಿಸಲೇಬೇಕು ಎಂಬುದು 1950ರ ದಶಕದವರೆಗೂ ಜಗತ್ತಿನ ವೈದ್ಯರ ಗಟ್ಟಿ ನಂಬಿಕೆ. ಒಳ್ಳೆಯ ಗಾಳಿ, ಪೂರ್ತಿ ವಿಶ್ರಾಂತಿ, ಪುಷ್ಟಿಯಾದ ಊಟ ಇಲ್ಲದಿದ್ದರೆ ಗುಣವಾಗದು, ಮನೆಯಲ್ಲಿಟ್ಟುಕೊಂಡರೆ ಹೆಂಡತಿ ಮಕ್ಕಳಿಗೂ ಅಂಟುತ್ತದೆ ಎನ್ನುತ್ತಿದ್ದರು. ಲಕ್ಷಗಟ್ಟಲೆ ರೋಗಿಗಳಿದ್ದು ಹಾಸಿಗೆಗಳೇ ಇಲ್ಲದ ಭಾರತ ಈ ಮಾತನ್ನು ಪಾಲಿಸಹೊರಟಿದ್ದರೆ ಬಹುಪಾಲು ರೋಗಿಗಳಿಗೆ ಚಿಕಿತ್ಸೆಯೇ ಸಿಗುತ್ತಿರಲಿಲ್ಲ.

1956ರಲ್ಲಿ ಮದರಾಸಿನಲ್ಲಿ ಒಂದು ಕ್ಷಯ ಚಿಕಿತ್ಸಾ ಕೇಂದ್ರ ಶುರುವಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರಕಾರ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ ನಡೆಸಿದ ಕೆಲಸ ಅದು. 193 ರೋಗಿಗಳಲ್ಲಿ ಒಂದು ಪಾಲನ್ನು ಸ್ಯಾನಟೋರಿಯಂಗೆ ಕಳಿಸಿ, ಇನ್ನೊಂದು ಪಾಲಿಗೆ ಇಕ್ಕಟ್ಟಾದ ಅವರವರ ಮನೆಯಲ್ಲೇ ಅದೇ ಮಾತ್ರೆಗಳನ್ನು ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾದಾಗ ಎರಡೂ ಕಡೆಯವರು ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಗುಣವಾಗಿದ್ದರು. ಮನೆಯವರಿಗೆ ಸೋಂಕು ಹೆಚ್ಚಿರಲೂ ಇಲ್ಲ. ಶ್ರೀಮಂತ ದೇಶಗಳ ಸ್ಯಾನಟೋರಿಯಂಗಳು ಒಂದೊಂದಾಗಿ ಬಾಗಿಲು ಹಾಕಿದ್ದರಲ್ಲಿ ಮದರಾಸಿನ ಈ ಬಡ ಮನೆಗಳ ಪಾತ್ರ ದೊಡ್ಡದು.

ಕೆಲವೇ ವರ್ಷಗಳಲ್ಲಿ ಇದಕ್ಕೆ ಬೆಂಗಳೂರಿನ ಕೊಡುಗೆ ಸೇರಿತು. ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ 1959ರಲ್ಲಿ ಆರಂಭವಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. ಹಳ್ಳಿಯವರಿಗೆ ಕಾಯಿಲೆಯ ಅರಿವಿಲ್ಲ, ಅವರು ಡಾಕ್ಟರ ಬಳಿ ಬರುವುದಿಲ್ಲ ಎಂದು ಎಲ್ಲರೂ ತಿಳಿದಿದ್ದ ಕಾಲ. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯದನ್ನೇ ಹೇಳಿತು. ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಜನ ಅದಾಗಲೇ ಆಸ್ಪತ್ರೆಗೆ ಹೋಗಿ ಕೆಮ್ಮು ಎಂದು ಹೇಳಿಕೊಂಡಿದ್ದರು. ಕಫ ಪರೀಕ್ಷೆ ಮಾಡುವ ಬದಲು ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಅವರನ್ನು ಮನೆಗೆ ಕಳಿಸಲಾಗಿತ್ತು. ತಪ್ಪು ರೋಗಿಯದಲ್ಲ, ವ್ಯವಸ್ಥೆಯದು ಎಂದು ಅಂಕಿ ಅಂಶಗಳಿಂದ ತೋರಿಸಿದ ಈ ಅಧ್ಯಯನಕ್ಕೆ ಕನ್ನಡ ನಾಡಿನಲ್ಲಿ ಸಿಗಬೇಕಾದ ಗೌರವ ಇನ್ನೂ ಸಿಕ್ಕಿಲ್ಲ. ಆ ವರ್ಷಗಳಲ್ಲಿ ಭಾರತದ ಕ್ಷಯ ಕಾರ್ಯಕ್ರಮದ ಜತೆ ದುಡಿದ ಡೆನ್ಮಾರ್ಕಿನ ಹಾಫ್ಡಾನ್ ಮಾಹ್ಲರ್ ಮುಂದೆ ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾದರು. 1978ರಲ್ಲಿ ಅಲ್ಮಾ ಆಟಾದಲ್ಲಿ ಪ್ರಾಥಮಿಕ ಆರೋಗ್ಯದ ಘೋಷಣೆ ಹೊರಟದ್ದು ಅವರ ಕಾಲದಲ್ಲೇ.

ಅಂತರರಾಷ್ಟ್ರೀಯ ವೇದಿಕೆಗಳಲ್ಲಿ ಭಾರತ ಮೊದಲಿನಿಂದಲೂ ಇತ್ತು. ರಾಜಕುಮಾರಿ ಅಮೃತ್ ಕೌರ್ 1950ರಲ್ಲೇ ವಿಶ್ವ ಆರೋಗ್ಯ ಅಧಿವೇಶನದ ಅಧ್ಯಕ್ಷೆಯಾದರು. ಸಿಡುಬು ನಿರ್ಮೂಲನೆಯಲ್ಲಿ ಸೋವಿಯತ್ ಲಸಿಕೆ ಹಿಡಿದು ಅಮೆರಿಕದ ತಜ್ಞರು, ಭಾರತದ ಸಾವಿರಾರು ಆರೋಗ್ಯ ಕಾರ್ಯಕರ್ತರು ಒಟ್ಟಿಗೆ ಮನೆಮನೆ ಹುಡುಕಿದ್ದರಿಂದ 1975ರ ಮೇ ತಿಂಗಳಲ್ಲಿ ಇಲ್ಲಿನ ಕೊನೆಯ ಪ್ರಕರಣ ಮುಗಿಯಿತು. ಬೆಳಗಾವಿಯ ಲಸಿಕಾ ಸಂಸ್ಥೆಯೂ ಅದಕ್ಕೆ ಲಸಿಕೆ ತಯಾರಿಸಿ ಕೊಟ್ಟಿತ್ತು.

1971ರಲ್ಲಿ ಪೂರ್ವ ಬಂಗಾಳದ ನಿರಾಶ್ರಿತರು ಗಡಿ ದಾಟಿ ಬಂದಾಗ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿತು. ಡಾ. ದಿಲೀಪ್ ಮಹಲನಬಿಸ್ ಅವರ ಬಳಿ ಡ್ರಿಪ್ ಏರಿಸುವ ದ್ರವ ಮುಗಿಯುತ್ತ ಬಂದಿತ್ತು. ಢಾಕಾ ಮತ್ತು ಕಲ್ಕತ್ತಾದ ಪ್ರಯೋಗಗಳಿಂದ ಗ್ಲೂಕೋಸ್ ಮತ್ತು ಉಪ್ಪಿನ ನೀರಿನ ಗುಣ ವೈದ್ಯರಿಗೆ ಗೊತ್ತಿದ್ದರೂ, ಅಷ್ಟು ದೊಡ್ಡ ಜನಸಂದಣಿಯಲ್ಲಿ ಯಾರೂ ಅದನ್ನು ಬಳಸಿ ನೋಡಿರಲಿಲ್ಲ. ಒಂದು ಲೀಟರ್ ನೀರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡಾ. ಕಲ್ಕತ್ತಾದಲ್ಲಿ ಅಳೆದು ಪ್ಲಾಸ್ಟಿಕ್ ಚೀಲಗಳಿಗೆ ತುಂಬಿ, ಬಾಯನ್ನು ಬಿಸಿ ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿ ಕಳಿಸಿದರು. ಶಿಬಿರದಲ್ಲಿ ಅದನ್ನು ನಲ್ಲಿ ಇಟ್ಟ ಡ್ರಮ್ಮುಗಳಲ್ಲಿ ಕಲಸಿದರು. ತಾಯಂದಿರು, ಅಣ್ಣ ತಮ್ಮಂದಿರು ಲೋಟದಲ್ಲಿ ಹಿಡಿದು ರೋಗಿಗಳಿಗೆ ಕುಡಿಸಿದರು. ನೂರಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಸಾವು 3.6ಕ್ಕೆ ಇಳಿಯಿತು. ಇಂದು ಯಾವ ದೇಶದ ಔಷಧಿ ಅಂಗಡಿಯಲ್ಲೂ ಸಿಗುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಡ್ರಮ್ಮುಗಳಿವೆ.

ಅದೇ ಹೊತ್ತಿಗೆ ದಿಲ್ಲಿಯಲ್ಲಿ ಒಂದು ಕಾನೂನು ತಯಾರಾಗಿತ್ತು. ಬ್ರಿಟಿಷರ ಕಾಲದ ಪೇಟೆಂಟ್ ಕಾಯ್ದೆಯಿಂದಾಗಿ ಬಡ ಭಾರತದಲ್ಲಿ ಕೆಲವು ಔಷಧಿಗಳ ಬೆಲೆ ಜಗತ್ತಿನಲ್ಲೇ ಹೆಚ್ಚು ಎನ್ನುವಂತಿತ್ತು. ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರ್ ಅವರ 1959ರ ವರದಿಯ ಮೇಲೆ ರೂಪುಗೊಂಡ 1970ರ ಕಾಯ್ದೆ, ಔಷಧಿಗೆ ಪೇಟೆಂಟ್ ಇಲ್ಲ, ಅದನ್ನು ತಯಾರಿಸುವ ವಿಧಾನಕ್ಕೆ ಮಾತ್ರ ಎಂದಿತು. ಬೇರೆ ವಿಧಾನದಲ್ಲಿ ಅದೇ ಮದ್ದನ್ನು ಮಾಡಲು ಇಲ್ಲಿನ ರಸಾಯನಶಾಸ್ತ್ರಜ್ಞರಿಗೆ ದಾರಿ ತೆರೆಯಿತು. ವಿಶ್ವ ಆರೋಗ್ಯಕ್ಕೆ ಭಾರತ ಕೊಟ್ಟ ಅತಿ ದೊಡ್ಡ ಕೊಡುಗೆ ಯಾವುದೆಂದು ಕೇಳಿದರೆ ನಾನು ಈ ಕಾಯ್ದೆಯನ್ನೇ ಹೆಸರಿಸುತ್ತೇನೆ.

ಅದರ ಫಲ ಜಗತ್ತಿಗೆ ಕಂಡದ್ದು ಮೂವತ್ತು ವರ್ಷಗಳ ನಂತರ. ಏಡ್ಸ್ ಔಷಧಿಗೆ ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಹೆಚ್ಚು ತಗಲುತ್ತಿದ್ದಾಗ, 2001ರ ಫೆಬ್ರವರಿಯಲ್ಲಿ ಮುಂಬೈನ ಸಿಪ್ಲಾ ಕಂಪನಿಯ ಯೂಸುಫ್ ಹಮೀದ್ 350 ಡಾಲರಿಗೆ ಕೊಡುತ್ತೇನೆ ಎಂದರು. ದಿನಕ್ಕೆ ಒಂದು ಡಾಲರಿಗೂ ಕಡಿಮೆ! ಆಫ್ರಿಕಾದ ಬಡವರಿಗೆ ಈ ಚಿಕಿತ್ಸೆ ಆಗಿಬರದು ಎಂದು ಕೈಚೆಲ್ಲಿದ್ದವರ ಲೆಕ್ಕಾಚಾರವೇ ತಲೆಕೆಳಗಾಯಿತು. ವಿಶ್ವ ವ್ಯಾಪಾರ ಒಪ್ಪಂದದಿಂದಾಗಿ 2005ರಲ್ಲಿ ಭಾರತ ಔಷಧಿಗೂ ಪೇಟೆಂಟ್ ಕೊಡಬೇಕಾಗಿ ಬಂತು. ಆದರೆ ಹಳೆಯ ಮದ್ದನ್ನು ಅಷ್ಟಿಷ್ಟು ಬದಲಿಸಿ ಹೊಸ ಪೇಟೆಂಟ್ ಪಡೆಯಲಾಗದಂತೆ 3(ಡಿ) ಎಂಬ ಕಲಮನ್ನು ಸಂಸತ್ತು ಸೇರಿಸಿತು. 2013ರಲ್ಲಿ ನೊವಾರ್ಟಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈ ನಡುವೆ ಪುಣೆಯ ಸೀರಂ ಸಂಸ್ಥೆ ತಯಾರಿಸಿದ, ಡೋಸಿಗೆ ಅರ್ಧ ಡಾಲರಿಗೂ ಕಡಿಮೆ ಬೆಲೆಯ ಮೆನಿಂಜೈಟಿಸ್ ಲಸಿಕೆ 2010ರ ಕೊನೆಯಲ್ಲಿ ಬುರ್ಕಿನಾ ಫಾಸೊ ತಲುಪಿ, ಆಫ್ರಿಕಾವನ್ನು ಕಾಡುತ್ತಿದ್ದ 'ಎ' ಗುಂಪಿನ ಸೋಂಕನ್ನು ಹೆಚ್ಚುಕಮ್ಮಿ ಇಲ್ಲವಾಗಿಸಿತು.

ಅಗ್ಗದ ಮದ್ದು ಕೊಡುವ ದೇಶವೆಂಬ ಭಾರತದ ಹೆಸರನ್ನು ಕೋವಿಡ್ ಪರೀಕ್ಷೆಗೊಡ್ಡಿತು. ಲಸಿಕೆಯ ಪೇಟೆಂಟ್ ಸಡಿಲಿಸಿ ಎಂದು 2020ರ ಅಕ್ಟೋಬರಿನಲ್ಲಿ ದಕ್ಷಿಣ ಆಫ್ರಿಕಾದ ಜತೆ ನಿಂತು ಕೇಳಿದ್ದು ಭಾರತ. 2021ರ ಜನವರಿಯಲ್ಲಿ ಭೂತಾನ್, ಮಾಲ್ಡೀವ್ಸ್‌ಗಳಿಗೆ ಮೊದಲ ಲಸಿಕೆ ಕಳಿಸಿದ್ದೂ ಭಾರತವೇ. ಎರಡನೇ ಅಲೆ ಎದ್ದಾಗ ರಫ್ತು ನಿಂತಿತು. ನಮ್ಮ ಆಸ್ಪತ್ರೆಗಳೆದುರು ಜನ ಆಕ್ಸಿಜನ್ನಿಗೆ ಒದ್ದಾಡುತ್ತಿದ್ದಾಗ ಆ ತೀರ್ಮಾನವನ್ನು ತಪ್ಪೆನ್ನಲಾರೆ. ಆದರೂ ಪುಣೆಯ ಒಂದೇ ಕಾರ್ಖಾನೆಯನ್ನು ನೆಚ್ಚಿಕೊಂಡಿದ್ದ ಆಫ್ರಿಕಾದ ದೇಶಗಳಲ್ಲಿ ಮೊದಲ ಡೋಸ್ ಪಡೆದವರು ಎರಡನೆಯದಕ್ಕಾಗಿ ತಿಂಗಳುಗಟ್ಟಲೆ ಕಾದರು.

ಇದಕ್ಕಿಂತ ನೋವಿನ ಸಂಗತಿ 2022ರದು. ಗ್ಯಾಂಬಿಯಾದಲ್ಲಿ ಸುಮಾರು 70 ಮಕ್ಕಳು ಮೂತ್ರಪಿಂಡ ಕೆಟ್ಟು ಸತ್ತರು. ಭಾರತದಲ್ಲಿ ತಯಾರಾದ ನಾಲ್ಕು ಸಿರಪ್‌ಗಳಲ್ಲಿ ವಿಷಕಾರಿ ಡೈಎಥಿಲೀನ್ ಗ್ಲೈಕಾಲ್ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಎಚ್ಚರಿಸಿತು. ತಾನು ಪರೀಕ್ಷಿಸಿದ ಮಾದರಿಗಳಲ್ಲಿ ದೋಷವಿಲ್ಲ ಎಂದು ಭಾರತ ಸರಕಾರ ಹೇಳಿತು. ಆದರೆ 2023ರ ಜೂನ್ 1ರಿಂದ ರಫ್ತಾಗುವ ಕೆಮ್ಮಿನ ಸಿರಪ್‌ಗೆ ಪರೀಕ್ಷೆಯನ್ನು ಕಡ್ಡಾಯ ಮಾಡಿತು. ಆ ನಿಯಮ ರಫ್ತಿಗೆ ಮಾತ್ರ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಅದೇ ವಿಷವಿದ್ದ ಸಿರಪ್ ಕುಡಿದು ನಮ್ಮದೇ ಮಕ್ಕಳು ಸತ್ತರು. ಪರೀಕ್ಷಿಸದೆ ಉಳಿಸಿದ ದುಡ್ಡನ್ನು ಅಗ್ಗದ ಬೆಲೆ ಎಂದು ಕರೆಯಲು ನನಗೆ ಮನಸ್ಸು ಬಾರದು. ರಾಜ್ಯಗಳ ಔಷಧ ಪರೀಕ್ಷಕರ ಹುದ್ದೆಗಳನ್ನು ತುಂಬುವುದೂ ಈಗ ವಿಶ್ವ ಆರೋಗ್ಯದ ಕೆಲಸವೇ.

ಏಕೆಂದರೆ ಭಾರತದ ಅಗ್ಗದ ಮದ್ದಿಗೆ ಬೇಡಿಕೆ ತಗ್ಗುವ ಲಕ್ಷಣವಿಲ್ಲ. ಅಮೆರಿಕ 2025ರಲ್ಲಿ ನೆರವಿನಿಂದ ಹಿಂದೆ ಸರಿದಾಗ ಆಫ್ರಿಕಾದ ಎಚ್‌ಐವಿ ಕಾರ್ಯಕ್ರಮಗಳು ತತ್ತರಿಸಿದವು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೈದರಾಬಾದಿನ ಎರಡು ಕಂಪನಿಗಳು, ಡಾ. ರೆಡ್ಡೀಸ್ ಮತ್ತು ಹೆಟೆರೊ, ಲೆನಕಾಪವಿರ್ ಅನ್ನು ಅಗ್ಗದ ಬೆಲೆಗೆ ಒದಗಿಸುವ ಒಪ್ಪಂದ ಮಾಡಿಕೊಂಡವು. ಆರು ತಿಂಗಳಿಗೊಮ್ಮೆ ಚುಚ್ಚಿದರೆ ಎಚ್‌ಐವಿ ತಗಲದಂತೆ ಕಾಯುವ ಈ ಮದ್ದಿಗೆ ಅಮೆರಿಕದಲ್ಲಿ ವರ್ಷಕ್ಕೆ 28,000 ಡಾಲರಿಗೂ ಹೆಚ್ಚು. 2027ರಿಂದ 120 ದೇಶಗಳಿಗೆ ಇವು ಕೊಡಬೇಕಿರುವ ಬೆಲೆ ವರ್ಷಕ್ಕೆ ಸುಮಾರು 40 ಡಾಲರ್.