ಕೂಂಡಿಯ ರಟ್ಟರ ವಂಶಮೂಲ

ಈಗಿನ ಬೆಳಗಾವಿ ಜಿಲ್ಲೆಯ ಬಹುಭಾಗವನ್ನೊಳಗೊಂಡಿದ್ದ ಕೂಂಡಿ ೩೦೦೦ ನಾಡನ್ನು ರಟ್ಟ ಮಹಾಮಂಡಲೇಶ್ವರರು ಮೊದಲು ಸವದತ್ತಿಯಿಂದಲೂ, ಬಳಿಕ ವೇಣುಗ್ರಾಮವೆನಿಸಿದ ಬೆಳಗಾವಿಯಿಂದಲೂ ಆಳಿದರು. ರಾಯಬಾಗದಲ್ಲಿಯೂ ಅವರ ಶಾಸನವು ದೊರೆತಿದೆ. ‘ಲತ್ತಲೂರ್ಪುರವರಾಧೀಶ್ವರ’ನೆಂಬ ಬಿರುದು, ಸುವರ್ಣಗರುಡಧ್ವಜ, ಸಿಂದೂರಲಾಂಛನ ಇವು ಅವರ ಕುಲಚಿಹ್ನೆಗಳು. ಇಷ್ಟರಿಂದಲೇ ಅವರನ್ನು ಮಾನ್ಯಖೇಟದ ರಾಷ್ಟ್ರಕೂಟರ ರಕ್ತಸಂಬಂಧಿಗಳೆಂದು ನಿರ್ಣಯಿಸಬಹುದೆ?

ಸವದತ್ತಿಯ ಶಾಸನವು ಪೃಥ್ವೀರಾಮನನ್ನು ಮೇರಡನ ಮಗನೆಂದೂ, ಜೈನಾಚಾರ್ಯ ಇಂದ್ರಕೀರ್ತಿಯ ಶಿಷ್ಯನೆಂದೂ, ಕೃಷ್ಣರಾಜನಿಂದ ಸಾಮಂತಪದವಿಯನ್ನು ಪಡೆದವನೆಂದೂ ಹೇಳುತ್ತದೆ. ಇಲ್ಲಿ ಕೃಷ್ಣರಾಜನು ಒಡೆಯನೇ ಹೊರತು ಪೂರ್ವಜನಲ್ಲ. ಮುಂದಿನ ಶಾಸನಗಳಲ್ಲಿಯಾದರೋ ರಟ್ಟರು ಆತನ ವಂಶದವರೆಂದೇ ಹೊಗಳಲ್ಪಟ್ಟಿದ್ದಾರೆ. ದೂರದ ಪೋಲೆಂಡಿನ ಕುಲೀನರಲ್ಲಿಯೂ ರಕ್ತಸಂಬಂಧವಿಲ್ಲದ ಹಲವು ಮನೆತನಗಳು ಒಂದೇ ಲಾಂಛನವನ್ನು ಧರಿಸುತ್ತಿದ್ದುವು. ಆದಕಾರಣ ಲಾಂಛನದಿಂದ ವಂಶಾಭಿಮಾನವು ತಿಳಿಯುವುದಲ್ಲದೆ ಜನ್ಮವು ಸಿದ್ಧವಾಗದು.

ನಂಬಿಕೆಗೆ ಹೆಚ್ಚು ಅರ್ಹವಾದುವು ಕಾಲವನ್ನು ಹೇಳುವ ದಾನಶಾಸನಗಳು. ೧೨೦೪ರಲ್ಲಿ ನಾಲ್ಕನೆಯ ಕಾರ್ತವೀರ್ಯನು, ಮಂತ್ರಿ ಬೀಚಿರಾಜನು ಬೆಳಗಾವಿಯಲ್ಲಿ ಕಟ್ಟಿಸಿದ ರಟ್ಟಜಿನಾಲಯಕ್ಕೆ ದತ್ತಿಯನ್ನು ಬಿಟ್ಟನು. ೧೨೩೮ರ ವೇಳೆಗೆ ಸೇವುಣರ ದಂಡನಾಯಕ ಬೀಚಣನು ರಟ್ಟರನ್ನು ಅಡಗಿಸಿದ್ದನು. ಈ ಮನೆತನದ ಚರಿತ್ರೆಯನ್ನು ಬರೆಯುವವರು ಬಿರುದಾವಳಿಗಿಂತ ಮೊದಲು ಇಂಥ ದತ್ತಿಗಳನ್ನು ಪರಿಶೀಲಿಸತಕ್ಕುದು.